ಅಂಗಳದ ನಾಲ್ಕು ಪಾಲು

ಹೊಳೆದಂಡೆಯ ಮಠದಲ್ಲಿ ಅಜ್ಜಾರು ಹಾಸಿಗೆ ಹಿಡಿದಿದ್ದರು. ಉಸಿರಿನ್ನೂ ಆಡುತ್ತಿತ್ತು, ಅಷ್ಟರಲ್ಲೇ ನಾಲ್ವರು ಶಿಷ್ಯರು ಅವರ ಗದ್ದುಗೆಗೆ ಕಚ್ಚಾಡತೊಡಗಿದ್ದರು.

ಗುರುವನ್ನು ಎಲ್ಲಿ ಕೂರಿಸಿ ಮಣ್ಣು ಮಾಡುತ್ತಾರೋ ಅದೇ ಗದ್ದುಗೆ. ಅದು ಯಾರ ಪಾಲಿಗೆ ಬಂತೋ, ಭಕ್ತರ ಕಾಯಿ ಕರ್ಪೂರವೂ ಅವರ ಪಾಲಿಗೇ. ಶಿಷ್ಯರಲ್ಲಿ ಕೊಟ್ರಯ್ಯನಂತೂ ಅದರ ಪಕ್ಕದಲ್ಲೇ ಅಂಗಡಿಗೆ ಜಾಗ ಕೊಡುತ್ತೇನೆಂದು ಹೂವಿನ ಗಂಗವ್ವನಿಗೆ ಮಾತು ಕೊಟ್ಟಾಗಿತ್ತಂತೆ. ಅವಳಿಗೇ ಏಕೆ ಎಂದರೆ ಸಂನ್ಯಾಸಿಯ ಕಿವಿ ಕೆಂಪಾಗುತ್ತಿತ್ತು.

ಅವರಲ್ಲೇ ಒಬ್ಬನಾದರೂ ಅಡವಯ್ಯ ಅಂಥವನಲ್ಲ. ಅಜ್ಜಾರ ಮೈ ಒರೆಸುವವನು ಅವನೊಬ್ಬನೇ. ಜಗಳ ಹರಿದು ಅವರು ನೆಮ್ಮದಿಯಾಗಿ ಕಣ್ಣು ಮುಚ್ಚಲಿ ಎಂದು, ಚೌಕದ ಅಂಗಳಕ್ಕೆ ಮೂಲೆಯಿಂದ ಮೂಲೆಗೆ ಎರಡು ಹಗ್ಗ ಎಳೆದ. ಪಾಲು ನಾಲ್ಕಾಯಿತು. ಹಗ್ಗ ಕೂಡುವ ನಟ್ಟನಡುವೆ ಗದ್ದುಗೆ, ಎಲ್ಲರಿಗೂ ಅದರಲ್ಲಿ ಒಂದೊಂದು ಚೂರು.

ಕೇಳದೆ ಇನ್ನೊಬ್ಬರ ಪಾಲಿಗೆ ಕಾಲಿಡುವುದಿಲ್ಲ ಎಂದು, ಮಲಗಿದ್ದ ಅಜ್ಜಾರ ಪಾದ ಮುಟ್ಟಿಯೇ ನಾಲ್ವರೂ ಆಣೆ ಮಾಡಿದರು. ಮಿಕ್ಕ ಮೂವರು ತಮ್ಮ ತಮ್ಮ ಕೆಲಸಕ್ಕೆ ಹೋದರು.

ಅಜ್ಜಾರು ಕಣ್ಣು ಬಿಟ್ಟರು. "ನನ್ನನ್ನು ಆ ನಡುವೆ ಕೂರಿಸು."

ಅಡವಯ್ಯ ಎತ್ತಿಕೊಂಡು ಹೋಗಿ ಕೂರಿಸಿದ. ಒಣ ಸೌದೆಯಷ್ಟೂ ಭಾರವಿರಲಿಲ್ಲ.

"ಯಾವ ಪಾಲು ದೊಡ್ಡದೋ?"

"ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ, ಅಜ್ಜಾರೇ."

"ನನ್ನ ಬೆನ್ನು ಯಾರಿಗೆ ಬಂತು?"

"ಕೊಟ್ರಯ್ಯನಿಗೆ."

"ಪಾಪ, ಅದರ ತುಂಬ ಹುಣ್ಣು. ಹೇಳಿದ್ದೀಯಾ ಅವನಿಗೆ?"

ಅಡವಯ್ಯ ಆ ಬೆನ್ನಿನ ಮೇಲಿನ ಬಟ್ಟೆ ಸರಿಪಡಿಸಿದ.

"ಇರಲಿ. ಒಂದು ಗುಟುಕು ನೀರು ಕೊಡು."

ನೀರಿನ ಕೊಡ ಕೊಟ್ರಯ್ಯನ ಪಾಲಿನಲ್ಲಿತ್ತು. ಹೊಳೆಗೆ ಇಳಿಯುವ ದಾರಿಯೂ ಅಲ್ಲೇ. ಅಡವಯ್ಯ ಹಗ್ಗದವರೆಗೆ ಹೋಗಿ ನಿಂತ. ಕೂಗಿದ. ಕೊಟ್ರಯ್ಯ ಹೊಳೆಗೆ ಸ್ನಾನಕ್ಕೆ ಹೋಗಿದ್ದ. ಗಂಗವ್ವ ಬುಟ್ಟಿ ತೊಳೆಯಲು ಹೋಗಿದ್ದೂ ಅದೇ ಹೊತ್ತಿಗೆ.

"ಯಾಕೆ ನಿಂತೆ?"

"ಕೇಳದೆ ದಾಟುವ ಹಾಗಿಲ್ಲ. ನಿಮ್ಮ ಪಾದದ ಮೇಲೆ ಆಣೆ ಮಾಡಿದ್ದೇನೆ. ದಾಟಿದರೆ ಮತ್ತೆ ಜಗಳ ಹತ್ತಿಕೊಳ್ಳುತ್ತದೆ. ಇನ್ನೇನು ಬಂದುಬಿಡುತ್ತಾನೆ, ಅಜ್ಜಾರೇ."

ಬಿಸಿಲು ಏರಿತು. ಕೊಡ ಅಡವಯ್ಯನ ಕಣ್ಣೆದುರಿಗೇ ಇತ್ತು. ಅವನ ಒಂದು ಕಾಲು ಮೇಲೆದ್ದಿತು, ಮತ್ತೆ ತನ್ನ ಪಾಲಿಗೇ ಇಳಿಯಿತು. ಅಜ್ಜಾರ ತುಟಿ ಒಡೆದು ರಕ್ತ ಜಿನುಗುತ್ತಿತ್ತು.

"ಅಡವಯ್ಯಾ."

"ಹೇಳಿ, ಅಜ್ಜಾರೇ."

"ನನಗೆ ಬಾಯಾರಿದ್ದು ಯಾರ ಪಾಲಿನಲ್ಲಿ ಅಂತ ಒಂದು ಸಲ ಹಗ್ಗ ಹಿಡಿದು ನೋಡಿ ಹೇಳಪ್ಪಾ."