ಗಂಟೆಗೊರಳಿ

ಒಂದಾನೊಂದು ಊರಂತೆ. ಊರೇನೋ ದೊಡ್ಡದು, ಆದರೆ ಉಪ್ಪು ಬೇಕೆಂದರೆ ಏಳು ದಿನ ನಡೆದು, ಘಟ್ಟ ಇಳಿದು, ಕಡಲತಡಿಯಿಂದ ಹೇರಿಕೊಂಡು ಬರಬೇಕು. ಎತ್ತಿನ ಮೇಲೆ ಹಾಗೆ ಉಪ್ಪು ತರುವವರಲ್ಲಿ ಗುರುಸಿದ್ಧ ಒಬ್ಬ. ಅವನ ಹೆಂಡತಿ ದುಂಡವ್ವ.

ಘಟ್ಟಕ್ಕೆ ಎರಡು ದಾರಿ. ದೊಡ್ಡ ಕಣಿವೆಯಲ್ಲಿ ಕಳ್ಳರ ಕಾಟ. ಕೋತಿಕಣಿವೆ ಇಕ್ಕಟ್ಟು, ಅಲ್ಲಿ ಕಳ್ಳರು ಹೊಂಚು ಹಾಕುತ್ತಿರಲಿಲ್ಲ. ಆ ದಾರಿ ಹಿಡಿಯುವವರು ಮುಂದಿನೆತ್ತಿನ ಕೊರಳ ಗಂಟೆ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು ಹೋಗುವುದು ಪದ್ಧತಿ. ತಿರುಗಿ ಬರುವ ತನಕ ಎತ್ತೂ ಸದ್ದು ಮಾಡಬಾರದು, ಹೆಂಡತಿಯೂ ಮಾಡಬಾರದು.

"ಇದನ್ನ ಹಿಟ್ಟಿನ ಗಡಿಗ್ಯಾಗ ಮುಚ್ಚಿಡು," ಅಂದ ಗುರುಸಿದ್ಧ.

"ಯಾರರ ಕೇಳಿದ್ರ?"

"ಗೊತ್ತಿಲ್ಲ ಅನ್ನು. ಗೊತ್ತಿಲ್ಲ ಅಂದವರ ಮನಿ ಯಾವತ್ತೂ ಹಾಳಾಗಿಲ್ಲ."

ಹತ್ತು ದಿನ ದುಂಡವ್ವ ಹಾಗೇ ಅಂದಳಂತೆ. ಹನ್ನೊಂದನೆಯ ದಿನ ಕೆರೆಯ ಮೆಟ್ಟಿಲ ಮೇಲೆ ನೆರೆಮನೆಯ ಕಾಡವ್ವ ಕೆಣಕಿದಳು. "ಏನ ದುಂಡವ್ವಾ, ಗಂಡ ಉಪ್ಪಿಗೆ ಹೋದನೋ, ಉಪ್ಪು ಮಾರೋಳ ಹಿಂದ ಹೋದನೋ? ದೊಡ್ಡ ಕಣಿವ್ಯಾಗ ಅವನ್ನ ಯಾರೂ ನೋಡೇ ಇಲ್ಲಂತ!"

ಹೆಂಗಸರೆಲ್ಲ ನಕ್ಕರು. ದುಂಡವ್ವ ಒಂದುಸಿರು ತಡೆದಳು, ಎರಡುಸಿರು ತಡೆದಳು. ಮೂರನೆಯದು ತಡೆಯಲಾಗಲಿಲ್ಲ.

"ಅಲ್ಲ್ಯಾಕ ಇರ್ತಾನ? ಕೋತಿಕಣಿವಿ ಹಿಡಿದಾನ ನನ್ನ ಗಂಡ! ಸೋಮವಾರ ಬರ್ತಾನ, ನೋಡಕೋರಿ!"

ಕಾಡವ್ವ ಹೂಗಾರ್ತಿಗೆ ಹೇಳಿದಳು. ಹೂಗಾರ್ತಿ ಗಾಣದವನಿಗೆ, ಗಾಣದವನು ದಾರಿಹೋಕನಿಗೆ. ಯಾವ ಸರಕೂ ಕೈ ಬದಲಾದಂತೆಲ್ಲ ಸವೆಯುತ್ತದೆ. ಮಾತು ಮಾತ್ರ ತೂಕ ಹೆಚ್ಚಿಸಿಕೊಳ್ಳುತ್ತದೆ. ಕಳ್ಳರ ಕಿವಿ ಮುಟ್ಟುವ ಹೊತ್ತಿಗೆ ಗುರುಸಿದ್ಧನ ಆರು ಎತ್ತು ಅರವತ್ತಾಗಿದ್ದವು, ಉಪ್ಪಿನಡಿಯಲ್ಲಿ ಬಂಗಾರ ಬಂದು ಕೂತಿತ್ತು. ಇಲ್ಲದ ಬಂಗಾರ ಎಲ್ಲಿ ಅಂತ ಕೇಳಿ ಕೇಳಿಯೇ ಅವನನ್ನು ಕೊಂದರಂತೆ.

ಸೋಮವಾರ ಮುಂದಿನೆತ್ತು ಒಂದೇ ಮನೆಗೆ ಬಂತು. ಚೀಲ ಹರಿದಿತ್ತು, ಉಪ್ಪು ಕೆಂಪಾಗಿತ್ತು. ದುಂಡವ್ವ ಗಡಿಗೆಯಿಂದ ಗಂಟೆ ತೆಗೆದು ಹಿಟ್ಟು ಕೊಡವಿದಳು. ಎತ್ತು ರೂಢಿಯಂತೆ ಕೊರಳು ಬಗ್ಗಿಸಿತು. ಅವಳು ಅದಕ್ಕೆ ಕಟ್ಟಲಿಲ್ಲ, ತನ್ನ ಕೊರಳಿಗೇ ಕಟ್ಟಿಕೊಂಡಳು.

"ಅಯ್ಯ, ಇದೇನವ್ವಾ?" ಅಂದಳು ಕಾಡವ್ವ.

"ನಾ ಬರೋದು ಕೇಳಲಿ. ಗುಟ್ಟಿದ್ದವರು ಬಾಯಿ ಮುಚ್ಚಿಕೊಳ್ಳಲಿ."

ಅದೇ ಅವಳ ಕಡೆಯ ಮಾತು. ಆಮೇಲೆ ಎಷ್ಟೋ ವರ್ಷ ಕೆರೆಗೆ ಬಂದಳು, ಕೊಡ ತುಂಬಿಕೊಂಡಳು, ಹೋದಳು. ಯಾರ ಹೆಸರನ್ನೂ ಎತ್ತಲಿಲ್ಲ. "ಗಂಟೆಗೊರಳಿ ಬಂದ್ಲು, ಸುಮ್ನಿರ್ರಿ," ಅಂತ ಮೊದಲು ಅಂದವಳು ಕಾಡವ್ವನೇ ಅಂತೆ.

ದುಂಡವ್ವ ಸತ್ತಳು, ಗಂಟೆ ಮಣ್ಣಾಯಿತು. ಆ ಸೀಮೆಯಲ್ಲಿ ಇವತ್ತಿಗೂ ಮನೆಮನೆಗೆ ಮಾತು ಹೊತ್ತು ತಿರುಗುವವರನ್ನು ಗಂಟೆಗೊರಳಿ ಅಂತಲೇ ಕರೆಯುತ್ತಾರಂತೆ. ಮಾತು ದಾಟಿಸುವ ಬಾಯಿಗಳಿಗೆ, ಮತ್ತೆ ಬಾಯಿ ತೆರೆಯದವಳ ಹೆಸರು.

ಹೇಳಿದ ಬಾಯಿ ತಣ್ಣಗಿರಲಿ, ಕೇಳಿದ ಕಿವಿ ಗಟ್ಟಿಯಿರಲಿ, ದಾರಿಗೆ ಹೋದವರು ಮನೆಗೆ ಬರಲಿ.