ಬಟ್ಟಲು ಮುಳುಗಿದ ಮೇಲೆ

"ಕೇಳಿ, ಹೆಗ್ಗಲ್ಲು ದುರ್ಗದ ಪ್ರಜೆಗಳೇ! ರಾಣಿ ದೇವೀರಮ್ಮನವರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ ಕೋಟೆ ಬಾಗಿಲ ಬೀಗದ ಕೈ, ಜೊತೆಗೆ ಕೇಳಿದ ಒಂದು ವರ. ತಪ್ಪಿದವನಿಗೆ ತಲೆದಂಡ!"

ಡಂಗುರಕ್ಕೆ ಕಾರಣವಿತ್ತು. ಹಿಂದಿನ ವರ್ಷ ಮುತ್ತಿಗೆಯ ಹೊತ್ತಿನಲ್ಲಿ ರಾಣಿಯ ತಮ್ಮ ನಿಂಗರಸ ದವಸ ತರಲು ಹೋಗಿದ್ದ. ಬಂದೊಡನೆ ಕೊಂಬು ಊದಿಸುತ್ತೇನೆ ಎಂದಿದ್ದ. ಕೊಂಬು ಕೇಳಲಿಲ್ಲ. ಬಾಗಿಲು ಮುಚ್ಚಿತು, ಊರು ಉಪವಾಸ ಬಿತ್ತು. ಆಮೇಲೆ ಬರಿಗೈಯಲ್ಲಿ ಸಿಕ್ಕವನನ್ನು ರಾಣಿ ದ್ರೋಹಿಯೆಂದು ಸೆರೆಗೆ ಹಾಕಿಸಿದಳು. ಎತ್ತಿ ಆಡಿಸಿದ ತಮ್ಮನೇ ಕೈಕೊಟ್ಟ ಮೇಲೆ ಬಾಗಿಲ ಬೀಗದ ಕೈ ಒಪ್ಪಿಸಲು ಅವಳಿಗೆ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ.

"ಕಾವಲಿನವನು ನಿದ್ದೆ ಮಾಡಿದರೂ ಕಾವಲು ತಪ್ಪುವುದಿಲ್ಲ. ಹೇಗೆ?" ಇದು ಮೊದಲನೆಯದು. ಮೀಸೆಯ ಸರದಾರನೊಬ್ಬ "ಒಂದು ಕಣ್ಣು ತೆರೆದೇ ಮಲಗುತ್ತಾನೆ" ಎಂದ. ಅವನ ರುಮಾಲು ಮಾತ್ರ ಮನೆಗೆ ಹೋಯಿತು. "ಬಾರದವನಿಗೆ ಎಷ್ಟು ಹೊತ್ತು ಕಾಯಬೇಕು?" ಎಂಬ ಎರಡನೆಯದಕ್ಕೆ ಪಂಡಿತನೊಬ್ಬ "ಪ್ರಾಣ ಇರುವವರೆಗೆ" ಎಂದ. ಪಾಪ, ಅವನ ಪ್ರಾಣ ಇದ್ದದ್ದೂ ಅಷ್ಟೇ ಹೊತ್ತು.

ಆಗ ಬಂದವನು ಚಿಕ್ಕೀರ, ಕೆರೆಯ ತೂಬು ಎತ್ತಿ ಇಳಿಸುವ ನೀರಗಂಟಿ. ಕಾಲಿನ ಕೆಸರೂ ಆರಿರಲಿಲ್ಲ.

"ತೂಬು ಎತ್ತಿ ನಾನು ಮಲಗ್ತೀನಿ, ತಾಯಿ. ನೀರು ಕೊನೇ ಗದ್ದೆ ಮುಟ್ಟಿದ್ರೆ ಅಲ್ಲಿನವರು ಕೊಂಬು ಊದ್ತಾರೆ. ಅದೇ ಎಬ್ಬಿಸ್ತದೆ."

"ಎರಡನೆಯದು?"

"ತಳದಲ್ಲಿ ತೂತಿರೋ ಗಳಿಗೆ ಬಟ್ಟಲು ತೇಲಿಬಿಡ್ತೀವಿ. ಅದು ಮುಳುಗೋವರೆಗೆ ಕಾಯೋದು. ಆಮೇಲೂ ಕೊಂಬು ಕೇಳದಿದ್ರೆ ಕಾಲುವೆ ಎಲ್ಲೋ ಒಡೆದಿದೆ ಅಂತ. ತೂಬು ಇಳಿಸಬೇಕು."

"ನಾನೂ ಬಟ್ಟಲು ಇಟ್ಟಿದ್ದೆ." ರಾಣಿಯ ದನಿ ಗಡುಸಾಯಿತು. "ಬಟ್ಟಲು ಮುಳುಗಿತು, ಕೊಂಬು ಕೇಳಲಿಲ್ಲ, ಬಾಗಿಲು ಮುಚ್ಚಿತು. ದ್ರೋಹ ಯಾರದು? ಇದು ಮೂರನೆಯದು."

ಅವಳಿಗೆ ಬೇಕಾದ ಉತ್ತರ ಸಭೆಗೆಲ್ಲ ಗೊತ್ತಿತ್ತು. ನಿಂಗರಸನದು ಎಂದಿದ್ದರೆ ಮುಗಿಯುತ್ತಿತ್ತು. ಈ ಪುಣ್ಯಾತ್ಮ ತಲೆ ಕೆರೆದುಕೊಂಡ.

"ಮುಚ್ಚೋ ಮುಂಚೆ ಹೊರಗೆ ಒಂದ್ಸಲ ನೋಡಿದ್ರಾ, ತಾಯಿ? ಕೊಂಬಿನವನಿಗೆ ಜ್ವರ ಬಂದಿರಬಹುದು, ನೀರು ಮಾತ್ರ ಬಂದಿರ್ತದೆ. ಅದಕ್ಕೇ ಬಟ್ಟಲು ಮುಳುಗಿದ ಮೇಲೂ ಕೆರೆ ಏರಿ ಹತ್ತಿ ಒಂದ್ಸಲ ನೋಡಿಯೇ ನಾವು ತೂಬು ಇಳಿಸೋದು. ನೋಡದೆ ಮುಚ್ಚಿದ್ರೆ ದ್ರೋಹ ಮುಚ್ಚಿದವರದೇ."

ಕತ್ತಿಯವನು ಮುಂದೆ ಬಂದ. ರಾಣಿ ಕೈಯೆತ್ತಿ ತಡೆದಳು. ತಮ್ಮನನ್ನು ಕರೆಸಿ, ಒಂದು ವರ್ಷದಲ್ಲಿ ಮೊದಲ ಸಲ ಕೇಳಿದಳು: "ಆ ದಿನ ಎಲ್ಲಿದ್ದೆ?"

"ಕಂದಕದ ಸೇತುವೆ ಮೇಲೆ, ಅಕ್ಕ. ಕೊಂಬಿನವನಿಗೆ ಬಾಣ ತಗುಲಿತ್ತು. ನನ್ನ ಕೂಗು ಗದ್ದಲದಲ್ಲಿ ಕೇಳಲಿಲ್ಲ. ನೀನು ಬುರುಜಿನ ಮೇಲೆ ತಲೆ ಬಗ್ಗಿಸಿ ಬಟ್ಟಲು ನೋಡ್ತಿದ್ದೆ. ನನ್ನ ಜನ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಸತ್ತರು, ದವಸ ಶತ್ರುಗಳ ಪಾಲಾಯಿತು."

ರಾಣಿ ತಾನೇ ಎದ್ದು ಬೀಗದ ಕೈಯನ್ನು ಚಿಕ್ಕೀರನ ಅಂಗೈಯಲ್ಲಿಟ್ಟಳು. ವರವಾಗಿ ಅವನು ಕೇಳಿದ್ದು ನಿಂಗರಸನ ಬಿಡುಗಡೆ.

"ಇಲ್ಲೇ ಇರು" ಎಂದಳು ಅಕ್ಕ.

"ನಿನ್ನ ಬಾಗಿಲಲ್ಲಿ ಕಾದದ್ದು ಸಾಕು" ಎಂದು ನಿಂಗರಸ ಕೋಟೆ ದಾಟಿ ಹೋದ.

ಅಂದು ಸಂಜೆ ಕೋಟೆ ಬಾಗಿಲಲ್ಲಿ ಇಟ್ಟ ಬಟ್ಟಲು ಮುಳುಗಿತು. ಬಾಗಿಲು ಮುಚ್ಚುವ ಮುಂಚೆ ಚಿಕ್ಕೀರ ಒಮ್ಮೆ ಹೊರಗೆ ನೋಡಿದ. ಅವನ ಹಿಂದೆ ನಿಂತು ರಾಣಿಯೂ ನೋಡಿದಳು. ಸೇತುವೆ ಮೇಲೆ ಯಾರೂ ಇರಲಿಲ್ಲ.