ದುಗ್ಗಪ್ಪ ನಡೆದ ಗಡಿ

ಬಹಳ ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟದ ಕಾಲಕ್ಕೆ, ಈ ಕಲ್ಮಟ್ಟಿ ಊರಲ್ಲಿ ದುಗ್ಗಪ್ಪ ಅಂತ ಒಬ್ಬ ಕುಳವಾಡಿ ಇದ್ದನಂತೆ. ಊರ ಗಡಿಗೆ ಅವನೇ ಸಾಕ್ಷಿ. ಗಡಿ ಜಗಳ ಬಂದರೆ ಹಳ್ಳದಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲೇ ತಲೆ ಮೇಲೆ ಮಣ್ಣಿನ ಹೆಂಟೆ ಹೊತ್ತು ನಡೀಬೇಕು. ಅವನು ನಡೆದದ್ದೇ ಗಡಿ. ಪಾಳೇಗಾರನೂ ಎದುರಾಡೋ ಹಾಗಿಲ್ಲ. ಆದರೆ ಸುಳ್ಳು ಗಡಿ ನಡೆದನೋ, ಊರಿಂದ ಅವನಿಗೆ ಬೆಂಕಿ ಇಲ್ಲ, ನೀರಿಲ್ಲ, ಸತ್ತರೆ ಹೆಣಕ್ಕೆ ಹೆಗಲಿಲ್ಲ. ಅದು ಕಟ್ಟಳೆ.

ಆಗ ಎಲ್ಲಿಂದಲೋ ಒಂದು ದಂಡು ಬಂದು ಊರೂರೇ ಸುಟ್ಟಿತಂತೆ. ಸುಟ್ಟ ಊರಿನ ಜನ ಮುದುಕರು ಮಕ್ಕಳನ್ನ ಕಟ್ಟಿಕೊಂಡು ಓಡಿ ಬಂದು, ನಮ್ಮ ಗಡಿ ಹತ್ತಿರ ಬನ್ನಿಮರದ ಕೆಳಗೆ ಕೂತರಂತೆ. ಗಡಿಯೊಳಗೆ ಬಂದು ಶರಣು ಅಂದವರನ್ನ ಅಟ್ಟಬಾರದು ಅಂತ ಇನ್ನೊಂದು ಕಟ್ಟಳೆ ಇತ್ತು. ಅದಕ್ಕೆ ನಮ್ಮ ಪಾಳೇಗಾರ ಏನು ಮಾಡಿದ? ಒಳಗೇ ಬಿಡಬೇಡಿ ಅಂದ! ಆಹಾ, ಎಂಥ ಬುದ್ಧಿ! ಕಟ್ಟಳೆ ಮುರಿದ ಪಾಪವೂ ಬೇಡ, ಕೂಳು ಹಾಕೋ ಖರ್ಚೂ ಬೇಡ. ಕಾಲು ಮುಂದಿಟ್ಟವರನ್ನ ಭರ್ಜಿಯ ಬುಡದಿಂದ ತಿವಿದು ಹಿಂದಕ್ಕೆ ನೂಕೋರಂತೆ. ದನ ಕಲಕಿದ ನೀರು ಕುಡಿದು ಕೂಸುಗಳಿಗೆ ಭೇದಿ ಹತ್ತಿತಂತೆ. ಆಚೆ ಸೀಮೆಯ ಪಾಳೇಗಾರನೋ, ಇವರನ್ನ ಹಿಡಿದು ಆ ದಂಡಿಗೇ ಒಪ್ಪಿಸ್ತೀನಿ ಅಂತ ಹೇಳಿ ಕಳಿಸಿದ್ದ.

ಆ ಜನದೊಳಗಿನ ಒಬ್ಬ ಮುದುಕಿ, ನಾವು ಕೂತಿರೋದು ನಿಮ್ಮ ನೆಲವೇ, ಅಲ್ಲದಿದ್ದರೆ ಗಡಿ ತೋರಿಸಿ ಅಂತ ಪಟ್ಟು ಹಿಡಿದಳಂತೆ. ಪಾಳೇಗಾರ ನಕ್ಕನಂತೆ. ನಮ್ಮ ನೆಲ ಬನ್ನಿಮರದ ಈಚೆಗೇ ಮುಗೀತದೆ ಅನ್ನೋದು ಊರಿಗೆಲ್ಲ ಗೊತ್ತಿದ್ದ ಮಾತು. ದುಗ್ಗಪ್ಪ ನಡೀಲಿ, ಆಮೇಲೆ ಆಚೆಯವನು ಇವರನ್ನ ಎಳಕೊಂಡು ಹೋಗಲಿ ಅಂದನಂತೆ.

ದುಗ್ಗಪ್ಪ ಮುಳುಗೆದ್ದು ಬಂದ. ಹೆಂಟೆ ಹೊತ್ತ. ಬನ್ನಿಮರದ ಈಚೆಗಿದ್ದ ಒಂದು ಹುತ್ತದ ತನಕ ನೆಟ್ಟಗೆ ನಡೆದು, ಅಲ್ಲಿ ನಿಂತು ಆ ಕೂಸುಗಳ ಮುಖ ನೋಡಿದ. ಆಮೇಲೆ ಆಚೆಗೆ ತಿರುಗಿದ ನೋಡಿ! ಬನ್ನಿಮರ ಸುತ್ತಿ, ಆ ಜನರನ್ನ ಸುತ್ತಿ, ಅವರ ಬೆನ್ನ ಹಿಂದೆ ಜ್ವರ ಬಂದು ಮಲಗಿದ್ದವರನ್ನೂ ಬಿಡದೆ ಸುತ್ತಿ, ಈಚೆ ಬಂದು ಹೆಂಟೆ ಇಳಿಸಿದನಂತೆ.

ಊರ ಗೌಡ ಹಲ್ಲು ಕಡಿದು, "ಲೇ ದುಗ್ಗ, ನಿನ್ನ ಹೆಣಾನ ನಾಯಿ ಎಳೀತಾವೆ ಕಣೋ" ಅಂದನಂತೆ.

"ಎಳೀಲಿ ಬಿಡ್ರಿ ಗೌಡ್ರೇ, ನಾನು ಸತ್ತ ಮೇಲೆ ತಾನೇ? ಇವರನ್ನ ಜೀವ ಇದ್ದಾಗಲೇ ಎಳೀತಾರಲ್ಲ" ಅಂದನಂತೆ ದುಗ್ಗಪ್ಪ.

ಪಾಳೇಗಾರ ಭರ್ಜಿಯವರನ್ನ ಹಿಂದಕ್ಕೆ ಕರೆಸಿಕೊಂಡ. ನಡೆದದ್ದೇ ಗಡಿ, ಇನ್ನೇನು ಮಾಡ್ತಾನೆ? ಆ ಜನ ಅಲ್ಲೇ ಗುಡಿಸಲು ಹಾಕಿದರು. ಊರು ದುಗ್ಗಪ್ಪನಿಗೆ ಬೆಂಕಿ ನೀರು ನಿಲ್ಲಿಸಿತು. ಥೂ, ಅದೂ ಒಂದು ಊರೇ? ಅವನಿಗೆ ಬನ್ನಿಮರದವರೇ ಬೆಂಕಿ ತಂದು ಕೊಟ್ಟರು, ನೀರು ತಂದು ಹಾಕಿದರು. ಅವನು ಸತ್ತ ದಿನ ಊರಿನವರು ಬಾಗಿಲು ಹಾಕಿಕೊಂಡರಂತೆ. ಬನ್ನಿಮರದವರು ಹೆಂಗಸರು ಗಂಡಸರೆನ್ನದೆ ಬಂದು, ಹೆಗಲು ಕೊಟ್ಟು, ಊರ ನಡುಬೀದಿಯಲ್ಲೇ ಹೊತ್ತು ನಡೆದರಂತೆ.

ಈಗಲೂ ನಮ್ಮೂರಲ್ಲಿ ಯಾರೇ ಸತ್ತರೂ ಮೊದಲ ಹೆಗಲು ಬನ್ನಿಮರದವರದು. ಹೋದ ವರ್ಷ ದೊಡ್ಡಗೌಡರು ತೀರಿಕೊಂಡಾಗ, ಆ ಮನೆಯ ಗಂಡುಮಕ್ಕಳೆಲ್ಲ ಅಂಗಳದಲ್ಲಿ ಕೈಕಟ್ಟಿ ನಿಂತು ಅವರ ದಾರಿ ಕಾದರು.